ಮಾವ ಹೇಳಿದ ಅರ್ಥ

ಹಡಪಸರ, ಪುಣೆ
6-3-2025, ಗುರುವಾರ, ಮುಂಜಾನೆ

ಪ್ರೀತಿಯ ಸೊಸೆ ಆರತಿಗೆ,

ನಿನ್ನ ಮಾವ ಲಾಲಪ್ಪ ಎರಡೂ ಕೈಯೆತ್ತಿ ಹರಸಿ ಬರೆಯುತ್ತಿರುವ ಕಾಗದ. ಹೇಗಿದ್ದೀಯವ್ವಾ? ಅರೆತಲೆನೋವು ಮತ್ತೆ ಬರುತ್ತಿದೆಯೇ? ಬಂದರೆ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ. ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿದು ಕೂತುಬಿಡಬೇಡ, ನಿನ್ನ ಚಾಳಿ ನನಗೆ ಗೊತ್ತು. ನಿಮ್ಮ ಅಪ್ಪನ ಕೆಮ್ಮು ಹೇಗಿದೆ? ಶಹಾಬಾದಿನ ಫರಸಿ ಖಣಿಯಲ್ಲಿ ಮೂವತ್ತು ವರ್ಷ ಕಲ್ಲಿನ ಧೂಳು ಕುಡಿದ ಎದೆ ಅದು, ಒಂದು ಬಾಟಲಿ ಔಷಧಕ್ಕೆಲ್ಲ ಬಗ್ಗುವುದಿಲ್ಲ. ಬಿಸಿನೀರು ಕೊಡುತ್ತಿರು. ನಾವು ಇಲ್ಲಿ ಸುಖವಾಗಿದ್ದೇವೆ ಎಂದು ಬರೆಯುವುದು ಪದ್ಧತಿ. ಬರೆಯಲು ಹೋದರೆ ಪೆನ್ನು ಮುಂದೆ ಸಾಗುತ್ತಿಲ್ಲ. ಇದ್ದೇವೆ, ಅಷ್ಟೇ. ನಿನ್ನ ಅತ್ತೆ ಚಂದಮ್ಮನ ಮೊಣಕಾಲು ಬಾತಿದೆ, ನನಗೆ ಸೊಂಟ ಹಿಡಿದಿದೆ. ಮಗ ಬಾಬು ಚಾಕಣದ ಕಾರ್ಖಾನೆಯಿಂದ ವಾರಕ್ಕೊಮ್ಮೆ ಬರುತ್ತಾನೆ, ಗುರುವಾರದ ರಜೆ ಮುಗಿಸಿ ಸಂಜೆ ಹೋಗುತ್ತಾನೆ. ಇದ್ದಷ್ಟು ಹೊತ್ತು ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಈಗಲೂ ಒಳಗೆ ಹಾಗೇ ಮಲಗಿದ್ದಾನೆ, ನಾನು ಹೊಸ್ತಿಲ ಮೇಲೆ ಕೂತು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮಾಯಾ ಚೆನ್ನಾಗಿದ್ದಾಳೆ. ಇದನ್ನೇ ಮೊದಲು ಬರೆಯಬೇಕಿತ್ತು, ನೀನು ಕಾಗದ ಬಿಡಿಸಿದವಳೇ ಮಗಳ ಹೆಸರು ಎಲ್ಲಿದೆ ಎಂದು ಹುಡುಕಿರುತ್ತೀ. ಹೋದ ಶನಿವಾರ ದವಾಖಾನೆಗೆ ತೋರಿಸಿಕೊಂಡು ಬಂದೆವು. ಡಾಕ್ಟರು ಅವಳ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನಕ್ಕು "ಏಕದಮ ಛಾನ" ಅಂದರು, ಬಹಳ ಚೆನ್ನಾಗಿದ್ದಾಳೆ ಎಂದು. ಇನ್ನು ಬರುವುದು ಬೇಡವಂತೆ. ಕೆಳಗಿನ ಒಂದು ಹಲ್ಲು ಅಲ್ಲಾಡುತ್ತಿದೆ, ದಿನವಿಡೀ ನಾಲಿಗೆಯಿಂದ ಅದನ್ನು ಆಡಿಸುವುದೇ ಅವಳ ಉದ್ಯೋಗ. ಅಜ್ಜಿ ಹಾಕಿದ ಜಡೆ ಅವಳಿಗೆ ಬೇಡ. ಬಿಗಿಯಾಯಿತು, ಸಡಿಲಾಯಿತು, ಅವ್ವ ಹೀಗೆ ಹಾಕುತ್ತಿರಲಿಲ್ಲ ಎಂದು ಬಿಚ್ಚಿಹಾಕುತ್ತಾಳೆ. ಭಾನುವಾರ ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ ಓಡಿಹೋಗುತ್ತಾಳಲ್ಲ, ಅದು ಸಿಟ್ಟಲ್ಲವ್ವಾ, ತಪ್ಪು ತಿಳಿಯಬೇಡ. ಓಡಿಹೋಗಿ ನೀರಿನ ಟಾಕಿಯ ಹಿಂದೆ ನಿಂತು ಅಳುತ್ತಾಳೆ. ನಾನು ನೋಡಿದ್ದೇನೆ.

ಸಂಕ್ರಮಣದ ಮರುದಿನ ಬಾಬು ನಿನ್ನನ್ನು ತವರಿನ ಗಾಡಿ ಹತ್ತಿಸಿ ಬಂದ. ಅಂದಿನಿಂದ ಇಂದಿನವರೆಗೆ ಏಳು ಗುರುವಾರ ಕಳೆದವು, ಇದು ಎಂಟನೆಯದು. ಪ್ರತಿ ಗುರುವಾರ ಬೆಳಿಗ್ಗೆ ಎದ್ದು, ಇವತ್ತು ಮಗನಿಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತೇನೆ. ತಪ್ಪು ಆರತಿಯದಲ್ಲ, ನನ್ನದು. ಇಷ್ಟೇ ಮಾತು. ಇಷ್ಟು ಹೇಳಿದರೆ ನೀನು ಮನೆಗೆ ಬರುತ್ತೀ, ಆ ಕೂಸಿಗೆ ತಾಯಿ ಸಿಗುತ್ತಾಳೆ. ಇದು ನಿನಗೆ ಗೊತ್ತು, ನನಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಚಹಾ ಕುಡಿಯುವಾಗ ಹೇಳುತ್ತೇನೆ ಎಂದುಕೊಳ್ಳುತ್ತೇನೆ, ಊಟಕ್ಕೆ ಕೂತಾಗ ಹೇಳುತ್ತೇನೆ ಎಂದುಕೊಳ್ಳುತ್ತೇನೆ, ಅಷ್ಟರಲ್ಲಿ ಅವನು ಚೀಲ ಹೆಗಲಿಗೆ ಹಾಕಿ ಹೊರಟಿರುತ್ತಾನೆ. ಭಜನೆಗೆ ಕೂತರೆ ಇಡೀ ಓಣಿಗೆ ಕೇಳುವ ಹಾಗೆ ದನಿ ಎತ್ತುವ ಈ ಬಾಯಿ, ಮಗನ ಮುಂದೆ ನಾಲ್ಕು ಮಾತಿಗೆ ಒಣಗಿಹೋಗುತ್ತದೆ. ನಿನಗೆ ಫೋನು ಮಾಡಿದರೆ ನಿಮ್ಮ ಅಪ್ಪ ಎತ್ತಿ "ಮಲಗ್ಯಾಳ್ರಿ" ಅನ್ನುತ್ತಾರೆ. ಅನ್ನಲಿ. ಫೋನಿನಲ್ಲಿ ಹೇಳಿಯೇ ಇಷ್ಟೆಲ್ಲ ಹಾಳಾದದ್ದು, ಅದಕ್ಕೇ ಈ ಸಲ ಬರೆದು ಹೇಳುತ್ತಿದ್ದೇನೆ.

ಇಲ್ಲಿ ಕಣಗಿಲೆ ಗಿಡಗಳನ್ನೆಲ್ಲ ಕೀಳಿಸುತ್ತಿದ್ದಾರೆ. ಕೀಳಿಸುವುದೇನು, ಕೀಳುವವನು ನಾನೇ. ಫ್ಲ್ಯಾಟಿನವರ ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿದರಂತೆ, ಮಕ್ಕಳಿರುವ ಜಾಗದಲ್ಲಿ ಈ ಗಿಡ ಬೇಡವೆಂದು. ತೋಟದ ಉಸ್ತುವಾರಿ ನೋಡುವ ಸಾವಿತ್ರಿಬಾಯಿ ಮರುದಿನ ಬಂದು "ಲಾಲಪ್ಪಾ, ಆತಾ ಹೇ ಸಗಳಂ ಕಾಢೂನ ಟಾಕಾ" ಅಂದರು. ಎಲ್ಲವನ್ನೂ ಕಿತ್ತು ಹಾಕು ಎಂದು. ಅರವತ್ತನಾಲ್ಕು ಗಿಡ. ನಲವತ್ತೊಂದು ಮುಗಿದಿವೆ. ದಿನಕ್ಕೆ ಮೂರು ಕಿತ್ತರೆ ಹೆಚ್ಚು, ಮಾರ್ಚ್ ತಿಂಗಳ ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಆ ಗಿಡ ಬರಬೇಕಲ್ಲ! ನೆಟ್ಟವನ ಮೇಲೆಯೇ ಸಿಟ್ಟಿರುವ ಹಾಗೆ ಹಿಡಿದು ಕೂತಿರುತ್ತದೆ. ಬುಡದ ಸುತ್ತ ಮೊಣಕಾಲುದ್ದ ಅಗೆದು, ಹಾರೆ ಹಾಕಿ ಮೀಟಿ, ಹಗ್ಗ ಕಟ್ಟಿ ಜಗ್ಗಿದರೂ ಒಂದು ಬೇರು ಒಳಗೇ ಉಳಿಯುತ್ತದೆ. ಹದಿನೈದು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಚಿಗುರು. ಕಡಿದದ್ದನ್ನು ಸುಡುವ ಹಾಗಿಲ್ಲ, ಅದರ ಹೊಗೆಯೂ ಕೆಟ್ಟದ್ದು. ಕೈಗೆ ಚೀಲ ಕಟ್ಟಿಕೊಂಡು ಕೆಲಸ ಮಾಡುತ್ತೇನೆ, ಹಾಲು ತಾಗಿದರೆ ಚರ್ಮ ಉರಿಯುತ್ತದೆ.

ಈ ಗಿಡ ನಾನು ಹೇಗೆ ಬೆಳೆಸಿದ್ದು ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೆ ಇವತ್ತು ಈ ಕಾಗದವೇ ಬೇಕಾಗುತ್ತಿರಲಿಲ್ಲ. ಆರು ವರ್ಷದ ಹಿಂದೆ ನಾನು ಇಲ್ಲಿಗೆ ಮಾಲಿ ಎಂದು ಸೇರಿದಾಗ ಕಾಂಪೌಂಡ್ ಗೋಡೆಗುಂಟ ಬರೀ ಬಟಾಬಯಲು. ಕಟ್ಟಡ ಕಟ್ಟಿದವರು ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ, ಟೈಲ್ಸಿನ ಚೂರು ಎಲ್ಲವನ್ನೂ ಅಲ್ಲೇ ಹೂತು ಮೇಲೆ ನಾಲ್ಕು ಬುಟ್ಟಿ ಕೆಂಪು ಮಣ್ಣು ಚೆಲ್ಲಿ ಹೋಗಿದ್ದರು. ದಾಸವಾಳ ಹಾಕಿದೆ, ಸತ್ತಿತು. ದುಂಡುಮಲ್ಲಿಗೆ ಹಾಕಿದೆ, ಅದೂ ಹೋಯಿತು. ಒಂದು ದಿನ ಬಸ್ಸಿನಲ್ಲಿ ಬರುವಾಗ ಹೆದ್ದಾರಿಯ ನಡುವೆ ನೋಡಿದರೆ ಆ ಲಾರಿ ಹೊಗೆ, ಆ ಡಾಂಬರಿನ ಝಳದಲ್ಲಿ ಕಣಗಿಲೆ ಮೈತುಂಬ ಹೂ ಬಿಟ್ಟು ನಿಂತಿದೆ. ಅಲ್ಲೇ ಇಳಿದು, ಗಿಡ ಕತ್ತರಿಸುತ್ತಿದ್ದ ಕೂಲಿಯವರನ್ನು ಕೇಳಿ ಒಂದು ಹೊರೆ ಟೊಂಗೆ ತಂದೆ. ತೀರಾ ಎಳಸೂ ಇರಬಾರದು, ತೀರಾ ಬಲಿತದ್ದೂ ಇರಬಾರದು. ಒಂದು ಗೇಣುದ್ದ, ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಹಾಲು ಸೋರುವುದು ನಿಲ್ಲುವ ತನಕ ನೆರಳಲ್ಲಿಟ್ಟು, ಆಮೇಲೆ ಪೇಂಟಿನ ಡಬ್ಬಿಗಳಲ್ಲಿ ನೀರು ತುಂಬಿ ನಿಲ್ಲಿಸಿದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ. ನಾಲ್ಕು ವಾರಕ್ಕೆ ಅಕ್ಕಿ ಕಾಳಿನ ಹಾಗೆ ಬಿಳಿ ಬೇರು! ನಿಮ್ಮತ್ತೆಯನ್ನು ಕರೆದು ತೋರಿಸಿದೆ, ಅವಳು "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಇದನ್ನ ಆಡೂ ಮುಟ್ಟಂಗಿಲ್ಲ, ಇದನ್ಯಾಕ ಹಚ್ತೀ" ಎಂದು ಬೈದಳು. ನನಗೆ ಹಟ. ಮೊದಲ ವರ್ಷ ನೀರು ಹಾಕಿದೆ, ಆಮೇಲೆ ಅದು ಕೇಳಲಿಲ್ಲ. ನೀರು ಹೆಚ್ಚಾದರೆ ಎಲೆ ಬರುತ್ತದೆ, ಬಿಸಿಲು ಹೆಚ್ಚಾದರೆ ಹೂ ಬರುತ್ತದೆ, ಅಷ್ಟೇ ಅದರ ಲೆಕ್ಕ. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಒಂದು ಟೊಂಗೆ ಮೂರಾಗಿ ಒಡೆಯುತ್ತದೆ. ಹಳದಿ ಹೇನು ಬಿದ್ದರೆ ಸಾಬೂನಿನ ನೀರು. ಮೂರನೇ ವರ್ಷಕ್ಕೆ ಗೋಡೆಯೇ ಕಾಣಲಿಲ್ಲ, ಬಿಳಿ, ಗುಲಾಬಿ, ಕೆಂಪು. ಬೆಳಿಗ್ಗೆ ನಡೆಯಲು ಬರುವವರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಊರು ಬಿಟ್ಟ ಮೇಲೆ ನಾನು ಇಟ್ಟಿಗೆ ಹೊತ್ತಿದ್ದೇನೆ, ಸೆಂಟ್ರಿಂಗ್ ಹಲಗೆ ಬಡಿದಿದ್ದೇನೆ. ಇದು ನನ್ನದು ಎಂದು ತೋರಿಸುವುದಕ್ಕೆ ಇದ್ದದ್ದು ಆ ಒಂದು ಸಾಲು ಗಿಡ ಮಾತ್ರ.

ಅದು ವಿಷದ ಗಿಡ ಎಂದು ನಿನಗೆ ಹೇಳಲಿಲ್ಲ ಏಕೆ ಅಂದರೆ, ಕಣಗಿಲೆ ವಿಷ ಎನ್ನುವುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು ಎಂದುಕೊಂಡಿದ್ದೆ. ನೀನು ಹುಟ್ಟಿ ಬೆಳೆದದ್ದು ಖಣಿಯ ಮಗ್ಗುಲಲ್ಲಿ, ಅಲ್ಲಿ ಕಲ್ಲು ಬಿಟ್ಟರೆ ಇನ್ನೊಂದಿಲ್ಲ, ಗಿಡ ಎಲ್ಲಿಂದ ನೋಡಬೇಕು? ಅದು ನನಗೆ ಹೊಳೆಯಲೇ ಇಲ್ಲ. ನೀನು ಆರು ವರ್ಷ ನನಗೆ ಬುತ್ತಿ ತಂದುಕೊಟ್ಟಿದ್ದೀ, ಆ ಗಿಡಗಳ ಪಕ್ಕದಲ್ಲೇ ಕೂತು ನಾನು ಉಂಡಿದ್ದೇನೆ. ಒಂದು ದಿನವಾದರೂ, ತಂಗೀ, ಇದನ್ನು ಮುಟ್ಟಬೇಡ ಎಂದು ಬಾಯಿ ಬಿಡಲಿಲ್ಲ.

ಇನ್ನು ಆ ಸೋಮವಾರದ ಮಾತು. ಡಿಸೆಂಬರ್ ಮೂವತ್ತು, ಸೋಮವತಿ ಅಮಾವಾಸ್ಯೆ. ನೀನೇ ನನಗೆ ಹೇಳಿದ್ದೆ, ಹೋಗಿ ಬರ್ರಿ ಮಾವಾ, ಒಂದು ದಿನ ಗಿಡಕ್ಕ ನೀರು ನಾ ಹಾಕ್ತೀನಿ ಎಂದು. ನಾನು ಜೇಜುರಿಯ ಮಲ್ಲಯ್ಯನ ಗುಡ್ಡದ ಮೆಟ್ಟಿಲ ಮೇಲಿದ್ದೆ. ಸುತ್ತ ಭಂಡಾರದ ಅರಿಸಿನ ಹಾರುತ್ತಿದೆ, ಮಂದಿ "ಯಳಕೋಟ ಯಳಕೋಟ" ಎಂದು ಕೂಗುತ್ತಿದ್ದಾರೆ. ನನ್ನ ಜೊತೆ ನಮ್ಮ ತಾಲೂಕಿನ ಏಳೆಂಟು ಜನ. ನಾನು ಬಿಡುತ್ತೇನೆಯೇ? ಮೆಟ್ಟಿಲ ಮೇಲೆ ಕೂತು ಶುರು ಮಾಡಿದೆ: ಇವರು ಯಳಕೋಟ ಅನ್ನುವುದು ನಮ್ಮ ಏಳುಕೋಟಿಯೇ, ಮರಾಠಿಯವರ ಬಾಯಲ್ಲಿ ಹೀಗಾಗಿದೆ, ಅವರ ದೇವರ ಘೋಷಣೆ ನಮ್ಮ ಕನ್ನಡ ಎಂದು. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ಅದೇ ಹೊತ್ತಿಗೆ ನಿನ್ನ ಫೋನು ಬಂತು. ನಾಲ್ಕು ಮಂದಿಗೆ ಕೇಳಲಿ ಎಂದು ದೊಡ್ಡ ದನಿಗೆ ಹಾಕಿದೆ.

"ಮಾವಾ, ಮಾಯಾಗ ಕಡಜ ಕಚ್ಚೇದರಿ, ಬೆರಳು ಬಾತೇದ. ಇಲ್ಲಿ ಗಿಡದ ಮುಂದ ಸಾವಿತ್ರಿಬಾಯಾರು ಇವತ್ತ ಹೊಸಾ ಬೋರ್ಡ್ ಹಾಕ್ಯಾರ. ವಿಷಾರಿ ಝಾಡ ಅಂತ ಬರದಾರ. ಝಾಡ ಅಂದ್ರ ಗಿಡ, ವಿಷಾರಿ ಅಂದ್ರ ಏನ್ರಿ?" ಎಂದು ಕೇಳಿದೆ. ನೀನು ಕೇಳಿದ್ದು ಸರಿಯಾಗಿಯೇ ಇತ್ತು. ಅಕ್ಷರ ಬಿಡಿಸಿ ಓದಿದೆ, ಗೊತ್ತಿಲ್ಲದ್ದನ್ನು ಗೊತ್ತಿರುವವನು ಎಂದು ನಂಬಿ ನನ್ನನ್ನು ಕೇಳಿದೆ. ನಾನು ಏನಂದೆ? "ವಿಷಾರಿ ಅಂದ್ರ ವಿಷದ ಅರಿ. ಅರಿ ಅಂದ್ರ ವೈರಿ. ಮುರಾರಿ, ಪುರಾರಿ ಇಲ್ಲೇನು, ಹಂಗ. ವಿಷ ತಗಿಯೂ ಗಿಡ ಅದು. ಎಲಿ ಜಜ್ಜಿ ಹಚ್ಚಿ ಕಟ್ಟವ್ವಾ, ಇಳೀತದ." ಪಕ್ಕದಲ್ಲಿದ್ದ ಈರಬಸಪ್ಪ ತೊಡೆ ತಟ್ಟಿ, "ಏನ್ ಪಂಡಿತ ಇದ್ದೀಯೋ ಲಾಲಪ್ಪಾ" ಅಂದ. ನಾನು ಉಬ್ಬಿಹೋದೆ. ಪದದ ಅರ್ಥ ಹೇಳಿದೆ, ಗಿಡ ಯಾವುದು ಎಂದು ಕೇಳಲಿಲ್ಲ. ತೋಟದ ಆ ಮೂಲೆಯಲ್ಲಿ ತುಳಸಿ, ಲೋಳೆಸರ, ಅಮೃತಬಳ್ಳಿಯ ಮುಂದೆಲ್ಲ ಸಾವಿತ್ರಿಬಾಯಿ ಅವುಗಳ ಗುಣ ಬರೆದು ಬೋರ್ಡು ಹಾಕಿಸಿದ್ದರಲ್ಲ, ಇದೂ ಅಂಥದೇ ಇರಬೇಕು ಎಂದುಕೊಂಡೆ. ಮರಾಠಿಯಲ್ಲಿ ವಿಷಾರಿ ಅಂದರೆ ವಿಷ ತುಂಬಿದ್ದು ಅಂತಂತೆ! ಆರು ವರ್ಷ ಈ ಊರಿನ ನೀರು ಕುಡಿದೆ, ನನಗೆ ತಿಳಿದದ್ದು ಪಾಣಿ, ಖತ, ಝಾಡೂ ಅಷ್ಟೇ, ನೀರು, ಗೊಬ್ಬರ, ಕಸಬರಿಗೆ. ಗಿಡಕ್ಕೆ ಹೊಡೆಯುವ ಔಷಧದ ಡಬ್ಬಿಯ ಮೇಲೆಲ್ಲ ವಿಷಕ್ಕೆ ಜಹರ್ ಎಂದಿರುತ್ತದೆ, ಅದು ಗೊತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ, ನಾನು ತುಳುಕಿದೆ, ಬಿದ್ದದ್ದು ಮೊಮ್ಮಗಳ ಮೇಲೆ.

ನೀನು ನಾನು ಹೇಳಿದಂತೆಯೇ ಎಲೆ ಜಜ್ಜಿ, ಬೆರಳಿಗೆ ಸುತ್ತಿ ಬಟ್ಟೆ ಕಟ್ಟಿದೆ. ಆ ಕೂಸಿಗೆ ನಿದ್ದೆ ಬಂದರೆ ಬೆರಳು ಚೀಪುವ ಅಭ್ಯಾಸ. ಮಧ್ಯಾಹ್ನ ಮಲಗಿದಾಗ ಬಟ್ಟೆ, ಎಲೆ ಎಲ್ಲವನ್ನೂ ಚೀಪಿದ್ದಾಳೆ. ಸಂಜೆಗೆ ವಾಂತಿ. ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಅವಳ ಎದೆಗೆ ವೈರುಗಳನ್ನು ಅಂಟಿಸಿದ್ದರು, ಎದೆ ಬಡಿತ ಇಳಿದುಹೋಗಿದೆ ಎಂದು ನರ್ಸುಗಳು ಓಡಾಡುತ್ತಿದ್ದರು. ನೀನು ಆ ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಿದ್ದೆ, ಡಾಕ್ಟರಿಗೆ ತೋರಿಸಿದೆ. ಅದರಿಂದಲೇ ಕೂಸು ಉಳಿಯಿತು ಎಂದು ಡಾಕ್ಟರೇ ಅಂದರು. ಅದನ್ನು ಆಮೇಲೆ ಯಾರೂ ನೆನೆಯಲಿಲ್ಲ, ನಾನೂ ನೆನೆಯಲಿಲ್ಲ.

ಆಗ ಬಾಬು ಕಾರ್ಖಾನೆಯ ಅಂಗಿಯಲ್ಲೇ ಓಡಿ ಬಂದ. ಸಾವಿತ್ರಿಬಾಯಿ ಅವನಿಗೆ ಬೋರ್ಡಿನ ವಿಷಯ ಹೇಳಿಬಿಟ್ಟಿದ್ದರು. ಆ ಉದ್ದನೆಯ ವರಾಂಡದಲ್ಲಿ ಎಲ್ಲರೆದುರಿಗೆ, "ಬೋರ್ಡ್ ಇತ್ತು. ಅಷ್ಟ ದೊಡ್ಡದು ಬರದಿತ್ತು. ಓದಲಿಲ್ಲೇನು ನೀ?" ಎಂದು ಕಿರುಚಿದ. ನೀನು ನನ್ನ ಮುಖ ನೋಡಿದೆ. ನನ್ನ ಹಣೆ ತುಂಬ ಭಂಡಾರ, ಕೈಯಲ್ಲಿ ಪ್ರಸಾದದ ಕೊಬ್ಬರಿ. ನೀನು ನೋಡಿದ್ದು ಒಂದು ಗಳಿಗೆ ಅಷ್ಟೇ. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದೇ ಆಗಿತ್ತು. ತೆರೆಯಲಿಲ್ಲ. ನೀನು ತಲೆ ತಗ್ಗಿಸಿ, "ನನಗ ಓದಾಕ ಬರಲಿಲ್ರಿ" ಅಂದೆ. ಪಿಯುಸಿ ಪಾಸಾದವಳು, ಊರಿಂದ ಬಂದ ಕಾಗದ, ಬ್ಯಾಂಕಿನ ಕಾಗದ, ದವಾಖಾನೆಯ ಚೀಟಿ ಎಲ್ಲವನ್ನೂ ಓಣಿಯವರಿಗೆ ಓದಿ ಹೇಳುತ್ತಿದ್ದವಳು, ನನ್ನ ಮುಖ ಉಳಿಸಲು ಎಲ್ಲರ ಮುಂದೆ ನಿನ್ನನ್ನು ನೀನೇ ದಡ್ಡಿ ಮಾಡಿಕೊಂಡೆ. ನಿನ್ನ ಅತ್ತೆ ಎದೆ ಬಡಿದುಕೊಂಡು, "ಕಲ್ತಾಕಿ ಕಲ್ತಾಕಿ ಅಂತ ಊರ ತುಂಬ ಹೇಳ್ಕೊಂಡು ತಿರಗಿದ್ವಿ, ಒಂದ್ ಬೋರ್ಡ್ ಓದಾಕ ಬರಲಿಲ್ಲ ನೋಡು" ಎಂದಾಗಲೂ ನೀನು ಸುಮ್ಮನಿದ್ದೆ. ಯಾಕವ್ವಾ ಹಾಗೆ ಮಾಡಿದೆ? ನನ್ನ ಮೇಲಿನ ಪ್ರೀತಿಗೋ, ಮುದುಕ ತಡೆಯಲಾರ ಎಂಬ ಕನಿಕರಕ್ಕೋ? ಎರಡಕ್ಕೂ ನಾನು ಯೋಗ್ಯನಲ್ಲ.

ನಾನೇಕೆ ಸುಮ್ಮನಿದ್ದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮೊದಲ ದಿನ ಹೆದರಿಕೆ. ಕೂಸು ಹೋಗಿಬಿಟ್ಟರೆ ಮಗ ನನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಮೂರನೇ ದಿನ ಕೂಸು ಕಣ್ಣು ಬಿಟ್ಟು ಗಂಜಿ ಕೇಳಿದಾಗ, ಹೇಗೂ ಉಳಿಯಿತಲ್ಲ, ಈಗ ಕೆದಕುವುದು ಏಕೆ ಎಂಬ ಜಾಣತನ. ಎಲ್ಲ ತಣ್ಣಗಾದ ಮೇಲೆ ಬಾಬುವೂ ತಣ್ಣಗಾಗುತ್ತಾನೆ ಎಂದುಕೊಂಡೆ. ಆಗಲಿಲ್ಲ. ಸಂಕ್ರಮಣದ ದಿನ ಅವನು "ನೀ ತವರಿಗೆ ಹೋಗು, ಮಗಳು ಇಲ್ಲೇ ಇರಲಿ, ನಿನ್ನ ಕೈಯಾಗ ಕೊಡಾಂಗಿಲ್ಲ" ಅಂದಾಗ ನಾನು ಎಳ್ಳು ಹಂಚಲು ಹೋಗುವ ನೆಪದಲ್ಲಿ ಎದ್ದು ಹೊರಗೆ ಹೋದೆ. ಎಂಥ ಗಂಡಸು ನೋಡು ನಾನು.

ಅಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಜನವರಿ ಕೊನೆಗೆ ಸಾವಿತ್ರಿಬಾಯಿ ನನ್ನನ್ನು ಕರೆದು, ಅವರ ತಪ್ಪೇನೂ ಇಲ್ಲ ಪಾಪ, ಮೆಲ್ಲಗೆ ಕೇಳಿದರು: "ತುಮಚ್ಯಾ ಸುನೇಲಾ ವಾಚತಾ ಯೇತ ನಾಹೀ ಕಾ?" ನಿಮ್ಮ ಸೊಸೆಗೆ ಓದಲು ಬರುವುದಿಲ್ಲವೇ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. "ನಾಹೀ" ಅಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಪಾಪ ಒಂದೇ ಇತ್ತು, ಅವತ್ತು ನನ್ನ ಬಾಯಿಂದಲೇ ಸುಳ್ಳು ಬಂತು. ಅವರು ತಲೆಯಾಡಿಸಿ, ಹಾಗಾದರೆ ಓದಲು ಬಾರದವರಿಗೂ ತಿಳಿಯಬೇಕು ಎಂದು ಪ್ರತಿ ಬೋರ್ಡಿಗೂ ಬುರುಡೆ, ಎರಡು ಎಲುಬಿನ ಚಿತ್ರ ಬರೆಸಿದರು. ಆ ಬೋರ್ಡುಗಳನ್ನು ನೆಲಕ್ಕೆ ಹುಗಿದವನೂ ನಾನೇ. ಅವನ್ನು ನೋಡಿದಾಗಲೆಲ್ಲ ಆ ಚಿತ್ರ ನಿನ್ನ ಹೆಸರಲ್ಲಿ ಬರೆಸಿದ್ದು ಎಂದು ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಹೋದ ಸೋಮವಾರ ಮಾಯಾ ಬಾಲವಾಡಿಯಿಂದ ಬಂದು ನಾನು ಅಗೆಯುವಲ್ಲಿಗೆ ಬಂದಳು. ಮುಟ್ಟಬಾರದು ಎಂದು ಎಷ್ಟು ಹೇಳಿದ್ದೇನೋ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಉಳಿದ ಗಿಡದ ಮುಂದಿನ ಬೋರ್ಡನ್ನು ನೋಡಿ, ಅಲ್ಲಾಡುವ ಹಲ್ಲಿನ ಸಂದಿಯಿಂದ "ವಿ... ಷಾ... ರಿ" ಎಂದು ಬಿಡಿಸಿ ಓದಿದಳು. ಅಲ್ಲಿ ಅವರಿಗೆ ಅಕ್ಷರ ಹೇಳಿಕೊಡುತ್ತಿದ್ದಾರೆ. ನಾನು "ಶಾಬಾಸ್ ನನ್ನವ್ವಾ" ಅಂದೆ. ಅವಳು ಖುಷಿಯಿಂದ, "ಅಜ್ಜಾ, ಅವ್ವಗ ಇದು ಓದಾಕ ಬರಲಿಲ್ಲಲ್ಲಾ? ಅವ್ವ ಬರಲಿ, ನಾ ಕಲಸ್ತೀನಿ" ಅಂದಳು.

ಹಾರೆ ಬದಿಗಿಟ್ಟು ಗುಂಡಿಯ ಅಂಚಿಗೆ ಕೂತೆ. ಬಾಬು ನಂಬಲಿ, ಚಂದಮ್ಮ ನಂಬಲಿ, ಸೊಸೈಟಿಯವರೆಲ್ಲ ನಂಬಲಿ, ದೊಡ್ಡವರು. ಈ ಕೂಸು ನನ್ನ ಸುಳ್ಳನ್ನು ತಿಂದು ಬೆಳೆಯುತ್ತಿದೆ. ನಮ್ಮವ್ವನಿಗೆ ಓದಲು ಬಾರದು, ಅದಕ್ಕೇ ನನಗೆ ಹೀಗಾಯಿತು, ಅದಕ್ಕೇ ಅವಳನ್ನು ಕಳಿಸಿದರು ಎಂದು ನಾಳೆ ಯಾರಿಗೋ ಹೇಳುತ್ತದೆ. ಕಣಗಿಲೆಯ ವಿಷ ಮೂರು ದಿನಕ್ಕೆ ಇಳಿಯಿತು. ಇದನ್ನು ಇಳಿಸುವವರು ಯಾರು?

ಅದಕ್ಕೆ ಈ ಕಾಗದ ಬರೆದೆ. ಇದನ್ನು ಮಡಚಿ ಟ್ರಂಕಿನಲ್ಲಿ ಇಡಬೇಡ. ನಿಮ್ಮ ಅಪ್ಪನಿಗೆ ಓದಿ ಹೇಳು, ನಿಮ್ಮ ಓಣಿಯವರಿಗೆ ಹೇಳು, ಬೇಕಾದರೆ ನಮ್ಮ ಊರಿನ ಹಿರಿಯರನ್ನು ಕೂಡಿಸಿ ಓದಿಸು. ವಿಷಾರಿ ಎಂಬ ಮಾತಿಗೆ ತಪ್ಪು ಅರ್ಥ ಹೇಳಿದವನು ನಾನು, ಎಲೆ ಹಚ್ಚು ಎಂದವನು ನಾನು, ಆರತಿಗೆ ಓದು ಬರುತ್ತದೆ, ಅವಳು ಓದಿಯೇ ನನ್ನನ್ನು ಕೇಳಿದ್ದಳು. ಕೆಳಗೆ ನನ್ನ ಸಹಿ ಇದೆ. ಬಾಬುವಿಗೆ ಇವತ್ತು ಹೇಳಲು ನೋಡುತ್ತೇನೆ. ಹೇಳುತ್ತೇನೆ ಎಂದು ಬರೆಯಲು ಧೈರ್ಯವಿಲ್ಲ, ಏಳು ಸಲ ಹಾಗೇ ಅಂದುಕೊಂಡವನು. ನನಗೆ ಬಹಳ ದಣಿವಾಗಿದೆ ಆರತಿ. ಅಗೆದು ಬಂದ ದಣಿವಲ್ಲ, ಅದು ನಿದ್ದೆ ಮಾಡಿದರೆ ಹೋಗುತ್ತದೆ.

ನಿಮ್ಮ ಅಪ್ಪ ಅವ್ವನಿಗೆ ನನ್ನ ಶರಣು ಹೇಳು. ಅವರ ಮುಖ ನೋಡುವ ಯೋಗ್ಯತೆ ಬಂದಾಗ ಬಂದು ನೋಡುತ್ತೇನೆ. ಏಳುಕೋಟಿಯ ಮಲ್ಲಯ್ಯ ನಿನ್ನನ್ನು ಚೆನ್ನಾಗಿಟ್ಟಿರಲಿ. ಮಗಳು ನಿನ್ನ ಮಡಿಲು ಸೇರಲಿ.

ನಿನ್ನ ತಪ್ಪಿತಸ್ಥ ಮಾವ,
ಲಾಲಪ್ಪ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿ ಓದಿಕೋ. ಸಹಿ ಹಾಕಿ ಮಡಚುತ್ತಿದ್ದಾಗ ಬಾಬು ಎದ್ದು ಬಂದ, "ಯಾರಿಗೆಪ್ಪಾ?" ಅಂದ. ಕಾಗದವನ್ನೇ ಅವನ ಕೈಗೆ ಕೊಟ್ಟೆ. ನಿಂತೇ ಓದಿದ. ಜೇಜುರಿಯ ಪುಟವನ್ನು ಎರಡು ಸಲ ಓದಿದ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಮೆಲ್ಲಗೆ ಹೇಳಿದ: "ಆಕಿಗೆ ಓದಾಕ ಬರತದಂತ ನನಗ ಗೊತ್ತಿಲ್ಲೇನಪ್ಪಾ? ಕಂಪನಿ ಹಿಂದಿ ಕಾಗದ ಎಲ್ಲಾ ಆಕಿನೇ ಓದಿ ಹೇಳ್ತಿದ್ಲು. ಆಕಿ ಎಲಿ ಹಚ್ಚಿದ್ಲಂತ ನಾ ಕಳಸಲಿಲ್ಲ. ಓದಾಕ ಬರೋದಿಲ್ಲ ಅಂತ ಸುಳ್ಳ ಹೇಳಿದ್ಲಲ್ಲ, ನನ್ನಿಂದ ಏನ್ ಮುಚ್ಚಿಡ್ತಾಳಂತ ತಿಳೀಲಿಲ್ಲ, ಅದಕ್ಕ ಕಳಿಸಿದೆ. ಈಗ ತಿಳೀತು, ಆಕಿ ಮುಚ್ಚಿಟ್ಟಿದ್ದು ನಿನ್ನ ತಪ್ಪನ್ನ." ಅಷ್ಟು ಹೇಳಿ ಗೋಡೆ ಹಿಡಿದು ನಿಂತು ಅತ್ತ. ಚಂದಮ್ಮನೂ ಕೇಳಿಸಿಕೊಂಡಳು, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈಗ ಮಾಯಾಗೆ ಸ್ನಾನ ಮಾಡಿಸುತ್ತಿದ್ದಾರೆ, ಮಧ್ಯಾಹ್ನದ ಗಾಡಿಗೆ ಅಪ್ಪ ಮಗಳು ಶಹಾಬಾದಿಗೆ ಹೊರಟಿದ್ದಾರೆ. ಈ ಕಾಗದ ಅಂಚೆಗೆ ಹಾಕುವುದಿಲ್ಲ, ಅವನೇ ನಿನ್ನ ಕೈಗೆ ಕೊಡುತ್ತಾನಂತೆ. ಅವನು ಬಂದ ಎಂದು ನೀನು ಬರಬೇಕಾಗಿಲ್ಲ, ನಿನ್ನ ಮನಸ್ಸು ಒಪ್ಪಿದರೆ ಮಾತ್ರ ಬಾ. ನನ್ನನ್ನು ಬೈಯಬೇಕು ಅನಿಸಿದರೆ ಅಲ್ಲಿಂದ ಬೈಯಬೇಡವ್ವಾ, ಇಲ್ಲಿಗೆ ಬಂದು ಎದುರಿಗೆ ನಿಂತು ಬೈ.